ಬಿದ್ದ ಮಗುವಿಗೆ ಸ್ಕ್ಯಾನ್ ಬೇಡವೆಂದು ವೈದ್ಯರು ಹೇಳಿದಾಗ

ಕಳೆದ ತಿಂಗಳ ಒಂದು ಭಾನುವಾರ ಸಂಜೆ ಪಾಂಡವಪುರದ ಕಡೆಯ ಹಳ್ಳಿಯೊಂದರಿಂದ ಒಂದು ವರ್ಷ ಹತ್ತು ತಿಂಗಳ ಗಂಡು ಮಗುವನ್ನು ಎತ್ತಿಕೊಂಡು ಅದರ ತಾಯಿ ಮತ್ತು ತಾತ ಮೈಸೂರಿನ ನಮ್ಮ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದರು. ಮನೆಯ ಮುಂದಿನ ಜಗುಲಿಯಿಂದ ಮುಗ್ಗರಿಸಿ ಬಿದ್ದಿದ್ದ ಮಗುವಿನ ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟು ಎದ್ದಿತ್ತು. ದಾರಿಯಲ್ಲಿ ಒಮ್ಮೆ ವಾಂತಿಯನ್ನೂ ಮಾಡಿಕೊಂಡಿತ್ತು. ಜಗುಲಿ ಎಷ್ಟು ಎತ್ತರವಿದೆ, ಬಿದ್ದ ಕೂಡಲೇ ಅತ್ತಿತೇ, ಎಚ್ಚರ ತಪ್ಪಿತ್ತೇ, ಈಗ ಎಂದಿನಂತೆಯೇ ಇದೆಯೇ ಎಂದು ವೈದ್ಯೆ ಒಂದೊಂದಾಗಿ ಕೇಳಿ, ತಲೆಯನ್ನು ಬೆರಳುಗಳಿಂದ ಸುತ್ತಲೂ ಸವರಿ ನೋಡಿ, ಸ್ಕ್ಯಾನ್ ಬೇಡ, ನಾಲ್ಕು ಗಂಟೆ ಇಲ್ಲೇ ಇಟ್ಟುಕೊಂಡು ನೋಡೋಣ ಎಂದರು. ತಾತನಿಗೆ ಅದು ಒಪ್ಪಿಗೆಯಾಗಲಿಲ್ಲ. "ದುಡ್ಡಿನ ಯೋಚ್ನೆ ಮಾಡ್ಬೇಡಿ ಡಾಕ್ಟ್ರಮ್ಮ, ಒಂದ್ ಸ್ಕ್ಯಾನಿಂಗ್ ಮಾಡ್ಸುಬುಡಿ, ನಮ್ಗೂ ಸಮಾಧಾನ ಆಯ್ತದೆ" ಎಂದು ಕೈಮುಗಿದರು.

ಹದಿನಾರು ವರ್ಷಗಳಿಂದ ಎಕ್ಸ್-ರೇ ಮತ್ತು ಸಿ.ಟಿ. ಯಂತ್ರಗಳ ಮುಂದೆ ಕೆಲಸ ಮಾಡುತ್ತಿರುವ ನನಗೆ ಈ ಮಾತು ಹೊಸದಲ್ಲ. ಸ್ಕ್ಯಾನ್ ಬೇಕೇ ಬೇಡವೇ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ, ಚಿತ್ರ ತೆಗೆಯುವುದಷ್ಟೇ ನನ್ನದು. ಆದರೂ ಬೇಡವೆಂದಾಗ ತಂದೆ ತಾಯಿಯ ಮುಖದಲ್ಲಿ ಕಾಣುವ ಅಪನಂಬಿಕೆಯನ್ನು, ತಮ್ಮ ಮಗುವನ್ನು ಇವರು ಕಡೆಗಣಿಸುತ್ತಿದ್ದಾರೆ ಎಂಬ ನೋವನ್ನು, ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ನಿಂತು ನೋಡುವವನು ನಾನೇ. ಹೀಗೆ ಕಾದು ನೋಡುವುದು ಕಡೆಗಣಿಸುವುದಲ್ಲ, ಅದೂ ಚಿಕಿತ್ಸೆಯ ಒಂದು ಭಾಗ ಎಂಬುದನ್ನು ಬಿಡಿಸಿ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಆ ವೈದ್ಯೆ ಕೇಳಿದ ಪ್ರಶ್ನೆಗಳು ಸುಮ್ಮನೆ ಬಾಯಿಗೆ ಬಂದವಲ್ಲ. ಅಮೆರಿಕದ 25 ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ತಲೆಗೆ ಪೆಟ್ಟಾಗಿ ಬಂದ 42,412 ಮಕ್ಕಳನ್ನು ಅಧ್ಯಯನ ಮಾಡಿ, ಅದರ ಫಲಿತಾಂಶವನ್ನು 2009ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಲಾಯಿತು. ಯಾವ ಮಗುವಿಗೆ ಸ್ಕ್ಯಾನ್ ಬೇಡವೆಂದು ತಿಳಿಸುವ, ಆ ಸಂಶೋಧಕರ ಜಾಲದ ಹೆಸರಿನಿಂದ ಪೆಕಾರ್ನ್ ನಿಯಮವೆಂದು ಈಗ ಕರೆಯುವ ನಿಯಮ ಹುಟ್ಟಿದ್ದು ಅದರಿಂದಲೇ. ಮೇಲ್ನೋಟಕ್ಕೆ ಚೆನ್ನಾಗಿಯೇ ಇದ್ದ ಆ ಮಕ್ಕಳಲ್ಲಿ ಗಂಭೀರವೆನ್ನಬಹುದಾದ ಮೆದುಳಿನ ಪೆಟ್ಟು ಕಂಡದ್ದು 376 ಮಂದಿಯಲ್ಲಿ, ಎಂದರೆ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಮೆದುಳಿನ ಶಸ್ತ್ರಚಿಕಿತ್ಸೆ ಬೇಕಾದದ್ದು 60 ಮಕ್ಕಳಿಗೆ. ಎರಡು ವರ್ಷದೊಳಗಿನ ಮಗುವಾದರೆ ವೈದ್ಯರು ಮುಖ್ಯವಾಗಿ ಗಮನಿಸುವುದು ಇಷ್ಟು: ಪ್ರಜ್ಞೆಯಲ್ಲಿ ವ್ಯತ್ಯಾಸವಿದೆಯೇ, ತಲೆಬುರುಡೆ ಬಿರುಕು ಬಿಟ್ಟಿರುವುದು ಬೆರಳಿಗೆ ತಿಳಿಯುತ್ತದೆಯೇ, ಹಣೆಯನ್ನು ಬಿಟ್ಟು ತಲೆಯ ಹಿಂದೆ, ಪಕ್ಕದಲ್ಲಿ ಅಥವಾ ಮೇಲ್ಭಾಗದಲ್ಲಿ ಊತವಿದೆಯೇ, ಐದು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಎಚ್ಚರ ತಪ್ಪಿತ್ತೇ, ಮೂರು ಅಡಿಗಿಂತ ಎತ್ತರದಿಂದ ಬಿದ್ದಿದೆಯೇ, ಮಗು ಎಂದಿನಂತಿಲ್ಲ ಎಂದು ತಂದೆ ತಾಯಿಗೆ ಅನಿಸುತ್ತಿದೆಯೇ. ಇವುಗಳಲ್ಲಿ ಯಾವುದೂ ಇಲ್ಲದ ಎಳೆಯ ಮಗುವಿಗೆ ಗಂಭೀರ ಪೆಟ್ಟಾಗಿರುವ ಸಾಧ್ಯತೆ ಐದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಹಣೆಯ ಬುಗುಟು ನೋಡುವವರನ್ನು ಎಷ್ಟೇ ಹೆದರಿಸಲಿ, ಈ ಪಟ್ಟಿಯಲ್ಲಿ ಅದಿಲ್ಲ. ಎರಡು ವರ್ಷ ದಾಟಿದ ಮಕ್ಕಳಿಗೆ ಪಟ್ಟಿ ತುಸು ಬೇರೆ. ಅಲ್ಲಿ ವಾಂತಿ ಮತ್ತು ತೀವ್ರ ತಲೆನೋವು ಸೇರುತ್ತವೆ, ಬಿದ್ದ ಎತ್ತರದ ಮಿತಿ ಐದು ಅಡಿಗೆ ಏರುತ್ತದೆ.

ಆ ಪಟ್ಟಿಯ ಕೊನೆಯ ಪ್ರಶ್ನೆಯ ಮೇಲೆ ನನಗೆ ವಿಶೇಷವಾದ ಗೌರವವಿದೆ. ಮಗು ಎಂದಿನಂತಿದೆಯೇ ಎಂಬುದನ್ನು ಯಾವ ಯಂತ್ರವೂ ಹೇಳಲಾರದು, ಹೆತ್ತವಳು ಹೇಳಬಲ್ಲಳು. ಆದ್ದರಿಂದ ಆ ನಾಲ್ಕು ಗಂಟೆ ತಾಯಿಯೂ ವೈದ್ಯರ ಜೊತೆಗೂಡಿ ತಪಾಸಣೆ ಮಾಡುತ್ತಿರುತ್ತಾಳೆ. ವಾಂತಿ ಮತ್ತೆ ಮತ್ತೆ ಆದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಕವಿದರೆ, ಫಿಟ್ಸ್ ಬಂದರೆ, ಕಿವಿಯಿಂದಲೋ ಮೂಗಿನಿಂದಲೋ ರಕ್ತ ಅಥವಾ ನೀರಿನಂತಹ ದ್ರವ ಸೋರಿದರೆ ಮಾತು ಬೇರೆಯಾಗುತ್ತದೆ. ಆಗ ಒಂದು ನಿಮಿಷವೂ ತಡ ಮಾಡಬಾರದು. ತಾರಸಿಯಿಂದ ಬಿದ್ದು, ಆರಂಭದಲ್ಲಿ ಮಾತನಾಡುತ್ತಿದ್ದು, ಅರ್ಧ ದಾರಿಯಲ್ಲಿ ತೂಕಡಿಸತೊಡಗಿದ ಎಂಟು ವರ್ಷದ ಹುಡುಗಿಯೊಬ್ಬಳನ್ನು ನಾನೇ ಸ್ಕ್ಯಾನ್ ಮಾಡಿದ್ದೇನೆ. ಬುರುಡೆಗೂ ಮೆದುಳಿಗೂ ನಡುವೆ ಮಸೂರದ ಆಕಾರದಲ್ಲಿ ರಕ್ತ ಬೆಳ್ಳಗೆ ಕಟ್ಟಿಕೊಂಡಿದ್ದು ಪರದೆಯ ಮೇಲೆ ಕಂಡ ಕ್ಷಣ ನನ್ನ ಕೈ ಫೋನಿನ ಮೇಲಿತ್ತು. ಅದೇ ರಾತ್ರಿ ಶಸ್ತ್ರಚಿಕಿತ್ಸೆಯಾಗಿ ಆ ಹುಡುಗಿ ಉಳಿದಳು. ಮನುಷ್ಯನ ಮೆದುಳನ್ನು ಮೊದಲ ಬಾರಿಗೆ ಸಿ.ಟಿ. ಯಂತ್ರದಲ್ಲಿ ನೋಡಿದ್ದು 1971ರಲ್ಲಿ. ಅದಕ್ಕೂ ಹಿಂದೆ ಹುಟ್ಟಿದ್ದರೆ ಆ ಮಗುವಿನ ಗತಿ ಏನಾಗುತ್ತಿತ್ತೋ ಎಂದು ಈಗಲೂ ಯೋಚಿಸುತ್ತೇನೆ.

ಹಾಗಾದರೆ ಎಲ್ಲರಿಗೂ ಒಮ್ಮೆ ಸ್ಕ್ಯಾನ್ ಮಾಡಿಬಿಟ್ಟರೆ ತಪ್ಪೇನು? ಸಿ.ಟಿ. ಎಂದರೆ ಎಕ್ಸ್-ರೇ ವಿಕಿರಣವೇ. ಎದೆಯ ಒಂದು ಎಕ್ಸ್-ರೇಯಲ್ಲಿ ದೇಹಕ್ಕೆ ತಗಲುವುದು ಸುಮಾರು 0.02 ಮಿಲಿಸೀವರ್ಟ್ (ವಿಕಿರಣವನ್ನು ಅಳೆಯುವ ಮಾನ), ತಲೆಯ ಒಂದು ಸಿ.ಟಿ.ಯಲ್ಲಿ ಸುಮಾರು 2, ಎಂದರೆ ನೂರು ಪಟ್ಟು. ಮಕ್ಕಳ ಜೀವಕೋಶಗಳು ಬಿಡುವಿಲ್ಲದೆ ಒಡೆದು ಬೆಳೆಯುತ್ತಿರುತ್ತವೆ, ಅವರ ಮುಂದೆ ಬದುಕಬೇಕಾದ ವರ್ಷಗಳೂ ಹೆಚ್ಚು. ಹಾಗಾಗಿ ದೊಡ್ಡವರಿಗಿಂತ ಅವರಿಗೆ ಅಪಾಯವೂ ಹೆಚ್ಚು. ಬ್ರಿಟನ್ನಿನಲ್ಲಿ ಚಿಕ್ಕ ವಯಸ್ಸಿನಲ್ಲಿ ಸ್ಕ್ಯಾನ್ ಆದವರನ್ನು ಅನುಸರಿಸಿ 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಅಂದಾಜಿನಂತೆ, ಹತ್ತು ವರ್ಷದೊಳಗಿನ 10,000 ಮಕ್ಕಳಿಗೆ ತಲೆಯ ಸಿ.ಟಿ. ಮಾಡಿದರೆ ಮುಂದಿನ ಹತ್ತು ವರ್ಷಗಳಲ್ಲಿ ಹೆಚ್ಚುವರಿಯಾಗಿ ಒಂದು ಮಗುವಿಗೆ ರಕ್ತದ ಕ್ಯಾನ್ಸರ್, ಒಂದು ಮಗುವಿಗೆ ಮೆದುಳಿನ ಗೆಡ್ಡೆ ಬರಬಹುದು. ಇದು ಬಹಳ ಸಣ್ಣ ಸಂಖ್ಯೆ. ಅಗತ್ಯವಿರುವ ಸ್ಕ್ಯಾನ್‌ಗೆ ಇದನ್ನು ನೆನೆದು ಯಾರೂ ಹಿಂಜರಿಯಬಾರದು. ಅಗತ್ಯವೇ ಇಲ್ಲದ ಸ್ಕ್ಯಾನ್‌ಗಾದರೆ ಇಷ್ಟು ಬೆಲೆಯನ್ನಾದರೂ ಮಗು ಏಕೆ ತೆರಬೇಕು?

ಹೊಟ್ಟೆನೋವಿನ ಮಕ್ಕಳ ವಿಷಯದಲ್ಲಿ ನಮಗೆ ವಿಕಿರಣವೇ ಇಲ್ಲದ ದಾರಿಯೊಂದಿದೆ. ಅಪೆಂಡಿಕ್ಸ್ ಊದಿಕೊಂಡಿದೆಯೇ ಎಂದು ತಿಳಿಯಲು ಮಕ್ಕಳಿಗೆ ಮೊದಲು ಮಾಡುವುದು ಅಲ್ಟ್ರಾಸೌಂಡ್. ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಂಡು ಹಸುಗೂಸು ಕಾಲು ಮಡಚಿ ಚೀರುವ ತೊಂದರೆಯಿದೆಯಲ್ಲ, ಅದರಲ್ಲಂತೂ ಅಡ್ಡ ಕೊಯ್ದ ಈರುಳ್ಳಿಯ ಬಿಲ್ಲೆಯಂತೆ ಉಂಗುರದೊಳಗೆ ಉಂಗುರ ಪರದೆಯ ಮೇಲೆ ಮೂಡುತ್ತದೆ. ಅನೇಕ ವೇಳೆ ಗುದದ್ವಾರದಿಂದ ಸಲೈನನ್ನೋ ಗಾಳಿಯನ್ನೋ ಹಾಯಿಸಿ, ಶಸ್ತ್ರಚಿಕಿತ್ಸೆಯಿಲ್ಲದೆ ಕರುಳನ್ನು ಬಿಡಿಸಿಬಿಡುತ್ತಾರೆ. ಇಷ್ಟು ಉಪಕಾರಿಯಾದ ಯಂತ್ರವನ್ನೇ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಬಚ್ಚಿಟ್ಟು ಭ್ರೂಣಲಿಂಗ ಪತ್ತೆಗೆ ಬಳಸುತ್ತಿದ್ದ ಸಂಗತಿ 2023ರ ಕೊನೆಯಲ್ಲಿ ಬಯಲಾದಾಗ, ಅದೇ ಜಿಲ್ಲೆಯಲ್ಲಿ ಹುಟ್ಟಿದ ನನಗಾದ ಸಂಕಟ ಇನ್ನೂ ಆರಿಲ್ಲ. ಅಂಥವರಿಂದಾಗಿಯೇ ಈ ಯಂತ್ರಕ್ಕೆ ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯ ನೋಂದಣಿ, ಕಡತ, ಕಾವಲು ಎಲ್ಲವೂ ಬೇಕಾಗಿವೆ.

ಸ್ಕ್ಯಾನ್ ಮಾಡಲೇಬೇಕೆಂದಾದರೆ ನಮ್ಮ ಕಡೆಯ ಕೆಲಸ ಶುರುವಾಗುತ್ತದೆ. ಯಂತ್ರ ಚಿತ್ರ ತೆಗೆಯುವುದು ಕೆಲವೇ ಸೆಕೆಂಡುಗಳಲ್ಲಿ, ಆದರೆ ಆ ಸೆಕೆಂಡುಗಳಲ್ಲಿ ಮಗು ಅಲುಗಬಾರದು. ಹಸುಗೂಸಾದರೆ, ಹೊಟ್ಟೆ ಖಾಲಿ ಇರಲೇಬೇಕೆಂದು ವೈದ್ಯರು ಹೇಳಿಲ್ಲದಿದ್ದರೆ, ತಾಯಿಯಿಂದ ಹಾಲು ಕುಡಿಸಿ, ಅವಳ ಮೈಯ ವಾಸನೆಯಿರುವ ಹತ್ತಿ ಸೀರೆಯ ತುಂಡಿನಲ್ಲೇ ಬಿಗಿಯಾಗಿ ಸುತ್ತಿ, ನಿದ್ದೆ ಹತ್ತುವವರೆಗೆ ದೀಪ ಮಂಕು ಮಾಡಿ ಕಾಯುತ್ತೇವೆ. ಬಹಳಷ್ಟು ಸಲ ನಿದ್ದೆಯ ಔಷಧಿಯೇ ಬೇಕಾಗುವುದಿಲ್ಲ. ದೊಡ್ಡ ಮಗುವಾದರೆ ತಾಯಿ ಸೀಸದ ಏಪ್ರನ್ ತೊಟ್ಟು ಪಕ್ಕದಲ್ಲಿ ನಿಲ್ಲುತ್ತಾಳೆ. ಅದಕ್ಕೂ ಮೊದಲು ಆಕೆ ಬಸುರಿಯೇ ಎಂದು ಕೇಳಲೇಬೇಕು. ಅತ್ತೆ ಮಾವಂದಿರ ಎದುರಿನಲ್ಲಿ ಕೇಳಿದರೆ ನಿಜವಾದ ಉತ್ತರ ಬರುವುದಿಲ್ಲವೆಂದು ಅನುಭವದಿಂದ ಕಲಿತಿದ್ದೇನೆ. ಈಗ ನರ್ಸ್ ಅಕ್ಕನೊಬ್ಬರು ಆಕೆಯನ್ನು ಪಕ್ಕಕ್ಕೆ ಕರೆದೊಯ್ದು ಕೇಳುತ್ತಾರೆ.

ನಾನು ವೃತ್ತಿಗೆ ಬಂದ ಹೊಸದರಲ್ಲಿ ಕೆಲಸ ಮಾಡಿದ ಕೇಂದ್ರವೊಂದರಲ್ಲಿ, ದೊಡ್ಡವರಿಗೆಂದು ಇಟ್ಟಿದ್ದ ಸೆಟ್ಟಿಂಗ್‌ನಲ್ಲೇ ಮೂರು ವರ್ಷದ ಮಕ್ಕಳನ್ನೂ ಸ್ಕ್ಯಾನ್ ಮಾಡಲಾಗುತ್ತಿತ್ತು. ಮಗುವಿನ ಗಾತ್ರಕ್ಕೆ ತಕ್ಕಂತೆ ಕಿರಣದ ಪ್ರಮಾಣವನ್ನು ಇಳಿಸಿದರೂ ಚಿತ್ರ ಸ್ಪಷ್ಟವಾಗಿಯೇ ಬರುತ್ತದೆ. 2008ರಲ್ಲಿ ಅಮೆರಿಕದಲ್ಲಿ ಆರಂಭವಾದ ಇಮೇಜ್ ಜೆಂಟ್ಲಿ ಅಭಿಯಾನ ಸಾರಿದ್ದೂ ಇದನ್ನೇ. ನಾನು ಕೇಳಿದಾಗ ಆ ಕೇಂದ್ರದವರು ಚಿತ್ರ ಚೆನ್ನಾಗಿದೆಯಲ್ಲ, ಸುಮ್ಮನಿರು ಎಂದರು, ನಾನೂ ಸುಮ್ಮನಾದೆ. ಆ ಮಕ್ಕಳ ನೆನಪು ನನ್ನನ್ನು ಬಿಟ್ಟಿಲ್ಲ. ಇಂದು ಪ್ರತಿ ಮಗುವಿನ ಸ್ಕ್ಯಾನ್ ಮುಗಿದ ಮೇಲೆ ಪರದೆಯಲ್ಲಿ ಬರುವ ಡೋಸ್ ಲೆಕ್ಕವನ್ನು ನೋಡದೆ ನಾನು ಕುರ್ಚಿಯಿಂದ ಏಳುವುದಿಲ್ಲ.

ಇನ್ನೊಂದು ಸಂಕಟವಿದೆ. ತಾಲ್ಲೂಕು ಕೇಂದ್ರದಲ್ಲಿ ಒಮ್ಮೆ ಸ್ಕ್ಯಾನ್ ಆದ ಮಗು ಇಲ್ಲಿಗೆ ಬರುವಾಗ ಕೈಯಲ್ಲಿ ಬರಿಯ ರಿಪೋರ್ಟ್ ಹಾಳೆಯಿರುತ್ತದೆ, ಚಿತ್ರಗಳಿರುವುದಿಲ್ಲ. ನರಶಸ್ತ್ರ ವೈದ್ಯರು ಚಿತ್ರ ನೋಡದೆ ಮುಂದುವರಿಯಲಾರರು. ಆಗ ಅದೇ ದಿನ ಅದೇ ತಲೆಗೆ ಎರಡನೆಯ ಸ್ಕ್ಯಾನ್ ಮಾಡಬೇಕಾಗುತ್ತದೆ. ಫಿಲ್ಮ್ ಮತ್ತು ಸಿ.ಡಿ. ಎರಡನ್ನೂ ಕೇಳಿ ಪಡೆಯುವುದು ನಿಮ್ಮ ಹಕ್ಕು, ದಯವಿಟ್ಟು ಕೇಳಿ. ಹೋದ ವಾರ ಮಳವಳ್ಳಿಯ ಕಡೆಯ ತಾಯಿಯೊಬ್ಬರು ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಮಗಳ ಫಿಲ್ಮು, ಸಿ.ಡಿ., ಚೀಟಿಗಳನ್ನೆಲ್ಲ ಮಡಿಕೆ ಬೀಳದಂತೆ ಜೋಡಿಸಿ ಎದೆಗವಚಿಕೊಂಡು ತಂದಿದ್ದರು. ನಾನು ಸಿ.ಡಿ. ಹಾಕಿ ವೈದ್ಯರಿಗೆ ತೋರಿಸಿದೆ. ಐದೇ ನಿಮಿಷದಲ್ಲಿ ತೀರ್ಮಾನವಾಯಿತು. ಆ ಮಗುವನ್ನು ನನ್ನ ಯಂತ್ರದ ಮೇಲೆ ಮಲಗಿಸುವ ಅಗತ್ಯವೇ ಬರಲಿಲ್ಲ.