ತ್ರಿಕೋನದ ಶೃಂಗವನ್ನು ಎಳೆದಾಗ

ಶಿಕ್ಷಕ ತರಬೇತಿಯಲ್ಲಿ ಈಗ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿರುವುದು, ಪಾಠದ ಯಾವ ಹಂತದಲ್ಲಿ ತಂತ್ರಜ್ಞಾನವನ್ನು ಬಳಸಬೇಕು, ಯಾವ ಹಂತದಲ್ಲಿ ಬದಿಗಿಡಬೇಕು ಎಂಬ ಪ್ರಶ್ನೆ.

ಮಾರ್ಕಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಆರಂಭಿಸಿದ ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಒಂದು ತ್ರಿಕೋನವನ್ನು ರಚಿಸಿ, ಅದರ ಶೃಂಗವನ್ನು ಹಿಡಿದು ಎಳೆಯುತ್ತ ಹೋದರೆ, ಬಾಹುಗಳು ಹಿಗ್ಗುತ್ತವೆ, ಕುಗ್ಗುತ್ತವೆ, ಕೋನಗಳ ಅಳತೆಯೂ ಬದಲಾಗುತ್ತದೆ. ಆದರೆ ಮೂರು ಕೋನಗಳ ಮೊತ್ತ ಮಾತ್ರ 180 ಡಿಗ್ರಿಯಿಂದ ಕದಲುವುದಿಲ್ಲ. ಕಪ್ಪುಹಲಗೆಯ ಮೇಲೆ ಬರೆಯುವ ನಾಲ್ಕಾರು ತ್ರಿಕೋನಗಳು ಇಷ್ಟನ್ನು ತೋರಿಸಲಾರವು. ಇನ್ನೂ ಸೊಗಸಿನ ಸಂಗತಿಯೆಂದರೆ, ಪರದೆಯ ಮೇಲಿನ ಅಳತೆಗಳನ್ನು ಎರಡು ದಶಮಾಂಶ ಸ್ಥಾನಗಳಿಗೆ ಅಂದಾಜಿಸಿರುವುದರಿಂದ, ಅವುಗಳನ್ನು ಕೈಯಲ್ಲಿ ಕೂಡಿದಾಗ ಒಮ್ಮೊಮ್ಮೆ 179.99 ಅಥವಾ 180.01 ಬರುತ್ತದೆ. ಅದನ್ನು ಗಮನಿಸಿದ ವಿದ್ಯಾರ್ಥಿ "ಹಾಗಾದರೆ ಯಾವುದು ಸರಿ?" ಎಂದು ಕೇಳಿದರೆ, ಅಳತೆಗೂ ಗಣಿತದ ಸಾಧನೆಗೂ (ತರ್ಕದಿಂದ ನಿರೂಪಿಸುವುದಕ್ಕೂ) ಇರುವ ವ್ಯತ್ಯಾಸವನ್ನು ವಿವರಿಸಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ಅಲ್ಲಿ ಪರದೆಯನ್ನು ಆಫ್ ಮಾಡಿ, ಶೃಂಗದ ಮೂಲಕ ಎದುರಿನ ಬಾಹುವಿಗೆ ಸಮಾಂತರವಾದ ರೇಖೆಯೊಂದನ್ನು ಎಳೆದು, ಪರ್ಯಾಯ ಕೋನಗಳನ್ನು ಗುರುತಿಸಿ, ಮೂರು ಕೋನಗಳೂ ಸೇರಿ ಸರಳಕೋನವಾಗುವುದನ್ನು ತೋರಿಸುವುದಕ್ಕೆ ಕಪ್ಪುಹಲಗೆಯೇ ಸಾಕು.

ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಮಂಡಿಸಿದ, ಈಗ ಟಿಪ್ಯಾಕ್ ಎಂದು ಕರೆಯಲಾಗುವ ಚೌಕಟ್ಟು, ವಿಷಯದ ಜ್ಞಾನ, ಬೋಧನೆಯ ಜ್ಞಾನ ಮತ್ತು ತಂತ್ರಜ್ಞಾನದ ಅರಿವು ಒಂದಾಗುವ ಕಡೆಯಲ್ಲಿ ಶಿಕ್ಷಕರ ಪರಿಣತಿಯನ್ನು ಗುರುತಿಸುತ್ತದೆ. ಓದುವಾಗ ಒಣ ವರ್ಗೀಕರಣದಂತೆ ಕಂಡಿದ್ದ ಈ ಮಾತು, ಇದೊಂದು ಪಾಠವನ್ನು ಯೋಜಿಸುವಾಗ ನನಗೆ ಮನದಟ್ಟಾಯಿತು.

ಶೃಂಗವನ್ನು ಎಳೆಯುವ ಮುನ್ನವೇ ಏನಾಗಬಹುದೆಂದು ಮಕ್ಕಳು ಊಹಿಸಿ ಬರೆದಿಡುವ ಹಂತವೊಂದನ್ನು ಪಾಠಯೋಜನೆಗೆ ಸೇರಿಸಿದ್ದೇನೆ. ಅದಕ್ಕೆ ಎಷ್ಟು ಸಮಯ ಕೊಡಬೇಕೆಂಬುದನ್ನು ಇನ್ನೂ ನಿರ್ಧರಿಸಬೇಕಾಗಿದೆ.