ಪುಟಗಳ ಕೆಲಸ ಮುಗಿದದ್ದು ಪರದೆಯ ಮೇಲೆ ಕಾಣಲಿ

ಕುಂಬಳೆ, ಬದಿಯಡ್ಕ ಕಡೆ ಹಳೆಯ ಯಕ್ಷಗಾನ ಪ್ರಸಂಗ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರ ಓದುವ ತಂತ್ರಾಂಶವಾದ ಟೆಸರಾಕ್ಟ್‌ನಿಂದ ಕನ್ನಡ ಪಠ್ಯ ತೆಗೆಯಲು ಹೊರಟವರಿಗೆ ಇದು. ಇನ್ನೂರು ಪುಟ ಮುಗಿಯಲು ಹೊತ್ತು ಹಿಡಿಯುತ್ತದೆ. ಅಷ್ಟೂ ಹೊತ್ತು ಟರ್ಮಿನಲ್ ನೋಡುತ್ತ ಕೂರಬೇಕಿಲ್ಲ.

ಕೆಲಸ ಎಲ್ಲಿಗೆ ಬಂತೆಂದು ಪರದೆಯ ಮೇಲೆ ಸೂಚನೆ ತೋರಿಸಲು ಉಬುಂಟುವಿನಲ್ಲಿ ಲಿಬ್‌ನೋಟಿಫೈ ಎಂಬ ಪುಟ್ಟ ಲೈಬ್ರರಿ ಸಾಕು. ಪೈಥಾನ್‌ನಿಂದ ಬಳಸಲು ಪೈಥಾನ್3-ಜಿಐ ಮತ್ತು ಜಿಐಆರ್1.2-ನೋಟಿಫೈ-0.7 ಪ್ಯಾಕೇಜುಗಳನ್ನು ಆಪ್ಟ್‌ನಿಂದ ಹಾಕಿಕೊಳ್ಳಿ. ವರ್ಚುವಲ್ ಎನ್ವಿರಾನ್ಮೆಂಟ್ ಬಳಸುವವರು ಅದನ್ನು ಸಿಸ್ಟಮ್-ಸೈಟ್-ಪ್ಯಾಕೇಜಸ್ ಆಯ್ಕೆಯೊಂದಿಗೇ ತೆರೆಯಬೇಕು. ಇಲ್ಲದಿದ್ದರೆ ಜಿಐ ಮಾಡ್ಯೂಲ್ ಸಿಗುವುದಿಲ್ಲ ಎಂಬ ದೋಷ ಬರುತ್ತದೆ.

ಮೊದಲು ಈ ಲೈಬ್ರರಿಯ ಇನಿಟ್‌ಗೆ ಸ್ಕ್ರಿಪ್ಟಿನ ಹೆಸರು ಕೊಡಿ. ಆಮೇಲೆ ನ್ಯೂ ಕರೆದು ಶೀರ್ಷಿಕೆ, ವಿವರ, ಐಕಾನ್ ಕೊಟ್ಟು ಒಂದು ಸೂಚನೆ ಮಾಡಿಟ್ಟುಕೊಳ್ಳಿ, ಶೋ ಕರೆಯಿರಿ. ಪ್ರತಿ ಹತ್ತು ಪುಟಕ್ಕೆ ಹೊಸ ಸೂಚನೆ ಹುಟ್ಟಿಸಬೇಡಿ, ಪರದೆ ತುಂಬಿಹೋಗುತ್ತದೆ. ಅದೇ ಸೂಚನೆಗೆ ಅಪ್‌ಡೇಟ್ ಮಾಡಿ ಮತ್ತೆ ಶೋ ಕರೆದರೆ ಹಳೆಯದರ ಜಾಗದಲ್ಲೇ ‘120/200’ ಎಂದು ಬದಲಾಗುತ್ತದೆ. ಟೆಸರಾಕ್ಟ್ ಸೊನ್ನೆಯಲ್ಲದ ಕೋಡ್ (ಅಂದರೆ ದೋಷ) ಹಿಂತಿರುಗಿಸಿದ ಪುಟಕ್ಕೆ ಮಾತ್ರ ಬೇರೆ ಸೂಚನೆ ಇರಲಿ: ಅರ್ಜೆನ್ಸಿ ಕ್ರಿಟಿಕಲ್, ವಿವರದಲ್ಲಿ ಫೈಲಿನ ಹೆಸರು. ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲಿ ಕ್ರಿಟಿಕಲ್ ಸೂಚನೆ ನಾವು ಮುಚ್ಚುವವರೆಗೂ ಉಳಿಯುತ್ತದೆ. ಸೆಟ್-ಟೈಮ್‌ಔಟ್‌ಗೆ 5000 ಮಿಲಿಸೆಕೆಂಡ್ ಎಂದು ಕೊಟ್ಟರೂ ಗ್ನೋಮ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದನ್ನು ನಂಬಿ ಏನನ್ನೂ ಕಟ್ಟಬೇಡಿ.

ವಿವರದ ಭಾಗವನ್ನು ಎಚ್‌ಟಿಎಂಎಲ್‌ನಂಥ ಮಾರ್ಕಪ್ ಆಗಿ ಓದಲಾಗುತ್ತದೆ. ಫೈಲಿನ ಹೆಸರಿನಲ್ಲಿ & ಅಥವಾ < ಇದ್ದರೆ ಪಠ್ಯ ಕೆಡುತ್ತದೆ; ಪೈಥಾನ್‌ನ ಎಚ್‌ಟಿಎಂಎಲ್ ಎಸ್ಕೇಪ್ ಹಾಯಿಸಿಯೇ ಕಳಿಸಿ. ಶೀರ್ಷಿಕೆಗೆ ಇದು ಬೇಡ. ಕನ್ನಡದ ಬದಲು ಚೌಕಗಳು ಕಂಡರೆ ಫಾಂಟ್ ಇಲ್ಲವೆಂದೇ ಅರ್ಥ, ಫಾಂಟ್ಸ್-ಕೆಎನ್‌ಡಿಎ ಹಾಕಿ.

ಹೆಚ್ಚಿನವರು ಎಡವುವುದು ಗೊತ್ತುಮಾಡಿದ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ಕ್ರಾನ್‌ನಲ್ಲಿ. ಟರ್ಮಿನಲ್‌ನಲ್ಲಿ ಚೆನ್ನಾಗಿ ನಡೆದ ಸ್ಕ್ರಿಪ್ಟ್ ರಾತ್ರಿ ಕ್ರಾನ್‌ನಿಂದ ಓಡಿದಾಗ ಏನೂ ತೋರಿಸುವುದಿಲ್ಲ. ಸೂಚನೆ ಹೋಗುವುದು ಪ್ರೋಗ್ರಾಮುಗಳ ನಡುವೆ ಸಂದೇಶ ಸಾಗಿಸುವ ಡಿ-ಬಸ್ ಮೂಲಕ, ಆ ಬಸ್ಸಿನ ವಿಳಾಸ ಕ್ರಾನ್‌ಗೆ ಗೊತ್ತಿರುವುದಿಲ್ಲ. ಕ್ರಾನ್‌ಟ್ಯಾಬ್‌ನಲ್ಲಿ ಎಕ್ಸ್‌ಡಿಜಿ-ರನ್‌ಟೈಮ್-ಡಿರ್ ಎಂಬ ವೇರಿಯಬಲ್‌ಗೆ /ರನ್/ಯೂಸರ್/1000 ಎಂದು ಕೊಡಬಹುದು. 1000 ಎಂಬಲ್ಲಿ ನಿಮ್ಮ ಯೂಸರ್ ಐಡಿ ಬರಬೇಕು. ಅದಕ್ಕಿಂತ, ಉಬುಂಟುವಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಯೂಸರ್ ಟೈಮರ್ ಒಳ್ಳೆಯದು, ವಿಳಾಸ ಅಲ್ಲಿ ತಾನಾಗಿಯೇ ಸಿಗುತ್ತದೆ. ಎರಡರಲ್ಲೂ ನೀವು ಡೆಸ್ಕ್‌ಟಾಪಿಗೆ ಲಾಗಿನ್ ಆಗಿರಲೇಬೇಕು.

ಶೋ ಕರೆಯನ್ನು ಟ್ರೈ–ಎಕ್ಸೆಪ್ಟ್ ಒಳಗಿಡುವುದನ್ನು ಮರೆಯಬೇಡಿ. ಬಸ್ ಸಿಗದಿದ್ದರೆ ಅದು ಎಕ್ಸೆಪ್ಷನ್ ಎಸೆಯುತ್ತದೆ. ಹಾಗೇ ಬಿಟ್ಟರೆ ಒಂದು ಸೂಚನೆಗಾಗಿ ಉಳಿದ ಪುಟಗಳ ಕೆಲಸವೇ ನಿಂತುಬಿಡುತ್ತದೆ. ದೋಷವನ್ನು ಲಾಗ್ ಫೈಲಿಗೆ ಬರೆದು ಮುಂದಿನ ಪುಟಕ್ಕೆ ಹೋಗಲಿ.