ಹೆಸರು ಹೇಳುವ ಮುನ್ನ ಕೇಳಬೇಕಿತ್ತು

ಓದಿನಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಗಳ ಜೊತೆ ಕುಳಿತು ಅವರಿಗೆ ದಾರಿ ಕಾಣುವಂತೆ ಮಾಡುವುದು ಕ್ರೈಸ್ತ ಕಾಲೇಜೊಂದರಲ್ಲಿ ನಾನು ಮಾಡುತ್ತಿರುವ ಕೆಲಸ. ಇದಕ್ಕೆ ಶೈಕ್ಷಣಿಕ ಕೋಚಿಂಗ್ ಎಂಬ ಹೆಸರಿದೆಯಾದರೂ ಕೋಚಿಂಗ್ ಎಂದೊಡನೆ ಹಲವರಿಗೆ ಟ್ಯೂಷನ್ ನೆನಪಾಗುವುದರಿಂದ, ನಾನು ಯಾವ ವಿಷಯದ ಪಾಠವನ್ನೂ ಹೇಳಿಕೊಡುವುದಿಲ್ಲ ಎಂಬುದನ್ನು ಮೊದಲೇ ತಿಳಿಸಬೇಕು. ಸಂಖ್ಯಾಶಾಸ್ತ್ರ ಅರ್ಥವಾಗದವರಿಗೆ ಅದನ್ನು ಕಲಿಸಲು ಅಧ್ಯಾಪಕರಿದ್ದಾರೆ. ಆ ವಿದ್ಯಾರ್ಥಿ ಹೇಗೆ ಓದುತ್ತಾನೆ, ಎಷ್ಟು ಹೊತ್ತು ಓದುತ್ತಾನೆ, ಯಾವ ಹಂತದಲ್ಲಿ ಪುಸ್ತಕ ಮುಚ್ಚಿಡುತ್ತಾನೆ, ಯಾರ ಬಳಿ ಕೇಳಲು ಹಿಂಜರಿಯುತ್ತಾನೆ ಎಂಬುದನ್ನು ಅವನೊಡನೆ ಸೇರಿ ನೋಡುವುದಷ್ಟೇ ನನ್ನ ಪಾಲು. ಈ ಕೆಲಸದಲ್ಲಿ ನಾನು ಕಲಿತ ಬಹುಮುಖ್ಯ ಪಾಠ ಒಂದು ತಪ್ಪಿನಿಂದ ಬಂದದ್ದು, ಆ ತಪ್ಪು ಆದದ್ದು ಪ್ರಾರ್ಥನಾ ಕೂಟದಲ್ಲಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಎರಡನೇ ವರ್ಷದ ವಿದ್ಯಾರ್ಥಿಯೊಬ್ಬ ನನ್ನ ಬಳಿ ಬರುತ್ತಿದ್ದ. ಮೂರು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದ. ಮೊದಲ ಎರಡು ಭೇಟಿಗಳಲ್ಲಿ ನೆಲ ನೋಡಿಕೊಂಡೇ ಮಾತನಾಡಿದವನು ಮೂರನೆಯ ಸಲ ತನ್ನ ಮನೆಯವರಿಗೆ ಇನ್ನೂ ಫಲಿತಾಂಶ ತಿಳಿಸಿಲ್ಲವೆಂದು ಹೇಳಿಕೊಂಡ. ನನಗೆ ಅವನ ಮೇಲೆ ನಿಜವಾದ ಕನಿಕರವಿತ್ತು. ಆ ವಾರ ಸಿಬ್ಬಂದಿಯ ಪ್ರಾರ್ಥನಾ ಕೂಟದಲ್ಲಿ ಯಾರಿಗಾಗಿ ಪ್ರಾರ್ಥಿಸಬೇಕೆಂದು ಕೇಳಿದಾಗ ನಾನು ಅವನ ಹೆಸರು ಹೇಳಿದೆ, ಯಾಕೆ ಎಂಬುದನ್ನೂ ಹೇಳಿದೆ. ಅಲ್ಲಿದ್ದ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಎರಡು ದಿನಗಳ ನಂತರ ಒಬ್ಬರು ಅವನನ್ನು ಮೊಗಸಾಲೆಯಲ್ಲಿ ನಿಲ್ಲಿಸಿ, ನಿನಗಾಗಿ ನಾವೆಲ್ಲ ಪ್ರಾರ್ಥಿಸುತ್ತಿದ್ದೇವೆ, ಧೈರ್ಯವಾಗಿರು ಎಂದು ಪ್ರೀತಿಯಿಂದಲೇ ಹೇಳಿದರು. ಅವನ ಜೊತೆಗೆ ಅವನ ಗೆಳೆಯರೂ ಇದ್ದರು.

ಅವನು ಮತ್ತೆ ಒಂದೇ ಒಂದು ಸಲ ನನ್ನ ಕೊಠಡಿಗೆ ಬಂದ. "ಮೇಡಂ, ನಾನು ನಿಮಗೆ ಹೇಳಿದ್ದೆ, ಎಲ್ಲರಿಗೂ ಹೇಳಿರಲಿಲ್ಲ," ಎಂದ. ಅದರಲ್ಲಿ ಕೋಪವಿರಲಿಲ್ಲ, ದಣಿವಿತ್ತು. ನಾನು ಕ್ಷಮೆ ಕೇಳಿದೆ, ಅವನು ತಲೆಯಾಡಿಸಿದ, ಆದರೆ ಆಮೇಲೆ ಬರಲಿಲ್ಲ. ಆ ಸೆಮಿಸ್ಟರಿನ ಕೊನೆಗೆ ಕಾಲೇಜು ಬಿಟ್ಟ. ನನ್ನ ಮಾತಿನಿಂದಲೇ ಬಿಟ್ಟನೆಂದು ಹೇಳಲಾರೆ, ಆದರೆ ನೆರವು ಕೇಳಬಹುದಾಗಿದ್ದ ಒಂದು ಬಾಗಿಲನ್ನು ನಾನೇ ಮುಚ್ಚಿದೆನೆಂಬುದರಲ್ಲಿ ನನಗೆ ಅನುಮಾನವಿಲ್ಲ.

ವಿಶ್ವಾಸದ ನೆಲೆಯಲ್ಲಿ ನಡೆಯುವ ಕಾಲೇಜಿನಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಇಲ್ಲಿ ಗುಟ್ಟು ಹೊರಬೀಳುವುದು ಚಾಡಿಯ ರೂಪದಲ್ಲಲ್ಲ, ಕಾಳಜಿಯ ರೂಪದಲ್ಲಿ. ಅಂಕಪಟ್ಟಿಯನ್ನು ಗೋಡೆಗೆ ಅಂಟಿಸಬೇಕೆಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಆದರೆ ಅದೇ ವಿಷಯವನ್ನು ಕಣ್ಣುಮುಚ್ಚಿ ಕೈಜೋಡಿಸಿದ ಹತ್ತು ಜನರ ನಡುವೆ ಹೇಳುವುದು ತಪ್ಪೆಂದು ನಮಗೆ ಅನಿಸುವುದಿಲ್ಲ. ಅಂದಿನಿಂದ ವಿದ್ಯಾರ್ಥಿಯ ಅನುಮತಿಯಿಲ್ಲದೆ ಅವರ ಹೆಸರನ್ನಾಗಲಿ, ಗುರುತು ಸಿಗುವಂಥ ವಿವರವನ್ನಾಗಲಿ ನಾನು ಯಾವ ಕೂಟದಲ್ಲೂ ಹೇಳಿಲ್ಲ. ಮೊದಲ ಭೇಟಿಯಲ್ಲೇ ಇದನ್ನು ಅವರಿಗೆ ತಿಳಿಸುತ್ತೇನೆ. ಜೀವಕ್ಕೆ ಅಪಾಯವಿದೆ ಎಂದು ಅನಿಸಿದಾಗ ಮಾತ್ರ ಬೇರೆಯವರಿಗೆ ತಿಳಿಸಲೇಬೇಕಾಗುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತೇನೆ, ಏಕೆಂದರೆ ಆ ಮಿತಿಯನ್ನು ಮುಚ್ಚಿಟ್ಟು ಪಡೆದ ನಂಬಿಕೆ ನಂಬಿಕೆಯಲ್ಲ.

ಇದನ್ನು ಗುಟ್ಟು ಕಾಯುವ ನಿಯಮವೆಂದು ಮಾತ್ರ ತಿಳಿದಿದ್ದೆ. ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು ಎಂಬುದು ನಿಧಾನವಾಗಿ ಅರ್ಥವಾಯಿತು. ಅವನ ವಿಷಯವನ್ನು ನಾನು ಅವನ ಕೈಯಿಂದ ಕಸಿದುಕೊಂಡಿದ್ದೆ. ಹಾಗೆ ನೋಡಿದರೆ ನನ್ನ ದಿನನಿತ್ಯದ ಕೆಲಸದಲ್ಲೂ ಅದನ್ನೇ ಮಾಡುತ್ತಿದ್ದೆ. ವಿದ್ಯಾರ್ಥಿ ಕುರ್ಚಿಯಲ್ಲಿ ಕೂರುವ ಮೊದಲೇ ಅವರ ಹಾಜರಾತಿ, ಅಂಕ ಎಲ್ಲವನ್ನೂ ನೋಡಿ, ಏನು ಮಾಡಬೇಕೆಂದು ನಾನೇ ತೀರ್ಮಾನಿಸಿ, ಬಣ್ಣಬಣ್ಣದ ಟೈಮ್‌ಟೇಬಲ್ ತಯಾರಿಸಿ ಕೊಡುತ್ತಿದ್ದೆ. ಅಧ್ಯಾಪಕರಿಗೆ ಅವರ ಪರವಾಗಿ ನಾನೇ ಪತ್ರ ಬರೆಯುತ್ತಿದ್ದೆ. ಕೊನೆಗೆ ಒಂದು ಪ್ರಾರ್ಥನೆ ಮಾಡಿ ಕಳುಹಿಸುತ್ತಿದ್ದೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಮಾತು ಮುಂದುವರಿಸಲು ನನಗೇ ಗೊತ್ತಾಗದಿದ್ದಾಗ ಆ ಪ್ರಾರ್ಥನೆ ಬೇಗ ಬರುತ್ತಿತ್ತು.

ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಕುರುಡನಾದ ಬಾರ್ತಿಮಾಯನು ದಾರಿಯ ಪಕ್ಕದಿಂದ ಕೂಗಿಕೊಂಡಾಗ ಯೇಸು ಅವನನ್ನು ಕರೆಸಿ, ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ ಎಂಬರ್ಥದ ಪ್ರಶ್ನೆ ಕೇಳುತ್ತಾನೆ. ಕುರುಡನಿಗೆ ಏನು ಬೇಕೆಂದು ಅಲ್ಲಿದ್ದ ಯಾರು ಬೇಕಾದರೂ ಹೇಳಬಹುದಿತ್ತು. ಆದರೂ ಆ ಮಾತು ಅವನ ಬಾಯಿಂದಲೇ ಬರಲೆಂದು ಕಾದದ್ದು ನನ್ನ ಗಮನಕ್ಕೆ ಬಂದದ್ದು ಆ ಹುಡುಗ ಹೋದ ಮೇಲೆ. ಈಗ ಅಂಕಪಟ್ಟಿಯನ್ನು ತೆರೆಯುವ ಮೊದಲು ನಾನೂ ಅದನ್ನೇ ಕೇಳುತ್ತೇನೆ, ಉತ್ತರ ಬರುವವರೆಗೆ ಸುಮ್ಮನಿರುತ್ತೇನೆ. ಸುಮ್ಮನಿರುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಕಷ್ಟವಾದ ಭಾಗ, ಅದು ಇಂದಿಗೂ ಸುಲಭವಾಗಿಲ್ಲ.

ಹಾಗೆ ಕಾದಾಗ ಬರುವ ಉತ್ತರಗಳು ನನ್ನ ಊಹೆಗೆ ಹೊಂದುವುದು ಕಡಿಮೆ. ಒಬ್ಬಳು ವಿದ್ಯಾರ್ಥಿನಿ, "ನಾನು ಸಾಕಷ್ಟು ಪ್ರಾರ್ಥಿಸುತ್ತಿಲ್ಲ ಅನಿಸುತ್ತೆ ಮೇಡಂ, ಅದಕ್ಕೇ ಮರೆತು ಹೋಗುತ್ತೆ," ಎಂದಳು. ಅವಳು ಓದುತ್ತಿರಲಿಲ್ಲವೆಂದಲ್ಲ, ದಿನಕ್ಕೆ ಐದು ಗಂಟೆ ಓದುತ್ತಿದ್ದಳು. ಹೇಗೆ ಓದುತ್ತೀಯೆಂದು ತೋರಿಸು ಎಂದೆ. ಪಠ್ಯಪುಸ್ತಕ ತೆರೆದಳು. ಪ್ರತಿ ಪುಟದಲ್ಲೂ ಮೂರು ಬಣ್ಣದ ಗೆರೆಗಳಿದ್ದವು, ಒಂದೇ ಅಧ್ಯಾಯವನ್ನು ಆರು ಸಲ ಓದಿದ್ದಳು. ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿದ್ದುದನ್ನು ಬರೆ ಎಂದಾಗ ನಾಲ್ಕು ಸಾಲು ಬರೆದು ನಿಂತಳು, ಅಳು ಬಂತು. ಅವಳಿಗೆ ಸಮಾಧಾನವಾದದ್ದು ನನ್ನ ಸಾಂತ್ವನದಿಂದಲ್ಲ, ಇದಕ್ಕೊಂದು ಕಾರಣವಿದೆ ಎಂದು ತಿಳಿದದ್ದರಿಂದ. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳು ಒಂದು ಬರಹವನ್ನು ಎರಡು ಸಲ ಓದಿದರು, ಇನ್ನೊಂದನ್ನು ಒಂದು ಸಲ ಓದಿ, ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದವರಿಗೆ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು, ಒಂದು ವಾರದ ನಂತರ ಪರೀಕ್ಷಿಸಿದವರು ನೆನಪಿನಿಂದ ಬರೆದಿದ್ದರಲ್ಲಿ ಸುಮಾರು ಶೇ. 56ರಷ್ಟನ್ನೂ ಬರೇ ಓದಿದ್ದರಲ್ಲಿ ಸುಮಾರು ಶೇ. 42ರಷ್ಟನ್ನೂ ಹೇಳಿದರು. ರಾತ್ರಿ ಎಲ್ಲವೂ ಬರುತ್ತಿತ್ತು, ಪರೀಕ್ಷೆಯ ಕೊಠಡಿಯಲ್ಲಿ ಏನೂ ಬರಲಿಲ್ಲ ಎಂದು ಅಳುವ ಮಕ್ಕಳು ಸುಳ್ಳು ಹೇಳುತ್ತಿಲ್ಲ. ಮತ್ತೆ ಮತ್ತೆ ಓದಿದಾಗ ಹುಟ್ಟುವ ಪರಿಚಯವನ್ನು ಅವರು ಕಲಿಕೆಯೆಂದು ನಂಬಿರುತ್ತಾರೆ.

ಅವಳ ಪ್ರಾರ್ಥನೆಯ ಬಗ್ಗೆ ನಾನು ಏನೂ ಹೇಳಲಿಲ್ಲ. ಅದು ಅವಳಿಗೂ ದೇವರಿಗೂ ಬಿಟ್ಟದ್ದು. ಆದರೆ ಓದುವ ಕ್ರಮದಲ್ಲಿನ ದೋಷವನ್ನು ವಿಶ್ವಾಸದ ಕೊರತೆಯೆಂದು ತಿಳಿದು ತನ್ನನ್ನೇ ದಂಡಿಸಿಕೊಳ್ಳುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಬೇರೆ ಕಾಲೇಜಿನಲ್ಲಿ ಅನುತ್ತೀರ್ಣನಾದವನಿಗೆ ಒಂದು ನಾಚಿಕೆ, ನಮ್ಮಲ್ಲಿ ಎರಡು. ತರಗತಿಯಲ್ಲಿ ಸೋತದ್ದು ಒಂದು, ದೇವರ ಮುಂದೆ ಸೋತೆನೆಂಬ ಭಾವ ಇನ್ನೊಂದು. ಎರಡನೆಯದನ್ನು ಇಳಿಸದೆ ಮೊದಲನೆಯದನ್ನು ಮುಟ್ಟಲಾಗುವುದಿಲ್ಲ. ಇಂಥವರಿಗೆ ನಾನು ಕೆಲವೊಮ್ಮೆ ಬೈಬಲಿನಲ್ಲಿ ಬರುವ ಎಲೀಯನ ಪ್ರಸಂಗವನ್ನು ನೆನಪಿಸುತ್ತೇನೆ. ಸಾಕಾಯಿತು, ನನ್ನ ಪ್ರಾಣವನ್ನು ತೆಗೆದುಕೋ ಎಂದು ಮರಳುಗಾಡಿನಲ್ಲಿ ಮಲಗಿದ ಪ್ರವಾದಿಗೆ ದೇವದೂತ ಉಪದೇಶ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ಊಟ ಮಾಡಿಸಿದ, ನಡುವೆ ನಿದ್ರೆಗೆ ಬಿಟ್ಟ, ನಿನ್ನ ಪ್ರಯಾಣ ನಿನ್ನ ಶಕ್ತಿಗೆ ಮೀರಿದೆ ಎಂದ. ನಾಲ್ಕು ಗಂಟೆ ಮಾತ್ರ ಮಲಗುವ ವಿದ್ಯಾರ್ಥಿಯ ಮುಂದೆ ಟೈಮ್‌ಟೇಬಲ್ ಬಿಡಿಸುವುದನ್ನು ನಾನು ನಿಲ್ಲಿಸಿದ್ದು ಆ ಭಾಗವನ್ನು ಮತ್ತೆ ಓದಿದ ಮೇಲೆ.

ದೈವಕರೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಈ ಕೋರ್ಸಿಗೆ ದೇವರೇ ಕರೆದಿದ್ದಾನೆಂದು ಮನೆಯವರೂ ಚರ್ಚಿನ ಸಭೆಯವರೂ ಹರಸಿ ಕಳುಹಿಸಿದ ಮೇಲೆ, ಇದು ನನಗೆ ಒಗ್ಗುತ್ತಿಲ್ಲ ಎಂದು ಹೇಳುವುದು ಆ ವಯಸ್ಸಿನವರಿಗೆ ಅವಿಧೇಯತೆಯಂತೆ ತೋರುತ್ತದೆ. ಕೋರ್ಸ್ ಬದಲಿಸು ಎಂದಾಗಲಿ, ಗಟ್ಟಿಯಾಗಿ ನಿಲ್ಲು ಎಂದಾಗಲಿ ನಾನು ಹೇಳುವುದಿಲ್ಲ. ಬದಲಿಸಲು ಕೊನೆಯ ದಿನಾಂಕ ಯಾವುದು, ಈಗಾಗಲೇ ಪಡೆದ ಕ್ರೆಡಿಟ್‌ಗಳಲ್ಲಿ ಎಷ್ಟು ಉಳಿಯುತ್ತವೆ ಎಂಬ ವಿವರಗಳನ್ನು ಮುಂದಿಡುತ್ತೇನೆ. ನಿರ್ಧಾರವನ್ನು ಹೇಳಬೇಕಾದವರಿಗೆ ಅವರೇ ಹೇಳುತ್ತಾರೆ, ಬೇಕೆಂದರೆ ಆ ಮಾತನ್ನು ನನ್ನ ಮುಂದೆ ಒಮ್ಮೆ ಆಡಿ ನೋಡುತ್ತಾರೆ.

ಅಧ್ಯಾಪಕರಿಗೆ ಪತ್ರ ಬರೆಯುವುದನ್ನೂ ಈಗ ವಿದ್ಯಾರ್ಥಿಯೇ ಮಾಡುತ್ತಾನೆ. ನಾನು ಪಕ್ಕದಲ್ಲಿ ಕುಳಿತಿರುತ್ತೇನೆ. ಮೂರು ಸಾಲಿನ ಪತ್ರಕ್ಕೆ ಕೆಲವೊಮ್ಮೆ ಅರ್ಧ ಗಂಟೆ ಹಿಡಿಯುತ್ತದೆ, ನಾನು ಬರೆದಿದ್ದರೆ ಎರಡು ನಿಮಿಷದ ಕೆಲಸ. ಆ ಅರ್ಧ ಗಂಟೆ ವ್ಯರ್ಥವೆಂದು ಮೇಲಿನವರಿಗೆ ಅನಿಸಬಹುದು, ದಿನಕ್ಕೆ ಎಷ್ಟು ಜನರನ್ನು ನೋಡಿದೆ ಎಂಬ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಆದರೆ ಎರಡನೆಯ ಪತ್ರವನ್ನು ಅವನು ನನ್ನ ಕೊಠಡಿಗೆ ಬಾರದೆಯೇ ಬರೆದಿರುತ್ತಾನೆ.

ಭೇಟಿಯ ಕೊನೆಯಲ್ಲಿ ಪ್ರಾರ್ಥಿಸುವುದನ್ನು ನಾನು ಬಿಟ್ಟಿಲ್ಲ. ಮುಂದಿನ ವಾರ ಏನು ಮಾಡುತ್ತೇನೆಂದು ವಿದ್ಯಾರ್ಥಿ ತನ್ನ ಕೈಬರಹದಲ್ಲೇ ಬರೆದ ಮೇಲೆ, ಪ್ರಾರ್ಥನೆ ಬೇಕೇ ಎಂದು ಕೇಳುತ್ತೇನೆ. ಬೇಡವೆಂದವರನ್ನು ಹಾಗೆಯೇ ಕಳುಹಿಸುತ್ತೇನೆ. ಬೇಕೆಂದರೆ, ಯಾವುದಕ್ಕಾಗಿ ಎಂದು ಕೇಳುತ್ತೇನೆ. ಖಾಲಿ ಹಾಳೆಯ ಮುಂದೆ ಅತ್ತ ಆ ವಿದ್ಯಾರ್ಥಿನಿ ಕಳೆದ ಸಲ ಬಂದಾಗ ಸ್ವಲ್ಪ ಯೋಚಿಸಿ, "ಇವತ್ತು ನಾನೇ ಮಾಡ್ತೀನಿ ಮೇಡಂ," ಎಂದಳು.